ಉಡಿಗೆ ಬಿದ್ದ ಕಾದಂಬರಿ

ಕ್ರಿಕೆಟ್ ಕಪಾಟಿನಲ್ಲಿ ಕಾದಂಬರಿಯನ್ನಿಟ್ಟ ಗ್ರಂಥಪಾಲಕರ ಸನ್ನಿಧಾನಕ್ಕೆ,

ಮಾನ್ಯರೇ,

ಹೊಸಪೇಟೆಯ ಟಿಪ್ಪರ್ ಮಾಲೀಕ ರೇವಣಸಿದ್ದನು ಮೈಮೇಲಿನ ಕೆಂಪು ಧೂಳನ್ನು ಕೊಡವಿಕೊಂಡು, ಕೈಜೋಡಿಸಿ ಮಾಡುವ ನಮಸ್ಕಾರಗಳು. ಪುಸ್ತಕ ಹಿಂದಿರುಗಿಸಿರೆಂದು ತಾವು ಕಳಿಸಿದ ಮೂರೂ ನೋಟಿಸುಗಳು ತಲುಪಿವೆ. ತಮ್ಮ ಅಕ್ಷರ ಮುದ್ದಾಗಿದೆ.

ಪುಸ್ತಕದ ಮುಖಪುಟದ ಮೇಲೆ ವೆಸ್ಟ್ ಇಂಡೀಸಿನ ಕಡಲೂ ಬಿಳಿ ಪ್ಯಾಂಟು ತೊಟ್ಟ ಎತ್ತರದ ಮನುಷ್ಯನೂ ಇದ್ದುದರಿಂದ, ತಾವೇ ಅದನ್ನು ಕ್ರಿಕೆಟ್ ಕಪಾಟಿನಲ್ಲಿ ಇಟ್ಟಿದ್ದರಿಂದ, ಯಾವುದೋ ವೇಗದ ಬೌಲರನ ಜೀವನಚರಿತ್ರೆಯೆಂದು ನಂಬಿ ಮನೆಗೆ ತಂದೆ. ಆ ವಾರವೇ ಮಲಪನಗುಡಿಯ ಶಾಲೆಯ ಟೀಚರು ಕಾವ್ಯಳೊಂದಿಗೆ ನನ್ನ ನಿಶ್ಚಿತಾರ್ಥ. ಸೋದರತ್ತೆ ಮರುಳಸಿದ್ದಮ್ಮನವರು ಹುಡುಗಿಗೆಂದೇ ನಾನು ತಂದದ್ದೆಂದುಕೊಂಡು, ಸೀರೆ, ಕೊಬ್ಬರಿ, ಉತ್ತತ್ತಿಗಳ ಜೊತೆ ಅದನ್ನೂ ಅವಳ ಉಡಿಗೆ ಹಾಕಿಬಿಟ್ಟರು. ಉಡಿಗೆ ಬಿದ್ದದ್ದನ್ನು ವಾಪಸ್ ಕೇಳಿದರೆ ಸಂಬಂಧವೇ ಬೇಡವೆಂದಂತೆ. ತಮ್ಮ ನಿಯಮಾವಳಿಯಲ್ಲಿ ಇದಕ್ಕೇನಾದರೂ ದಾರಿಯಿದೆಯೇ?

ಎರಡೇ ದಿನದಲ್ಲಿ ಓದಿ ಮುಗಿಸಿದ ಕಾವ್ಯ, "ಮೊದ್ಲು ನೀವು ಇದನ್ನ ಓದ್ರಿ, ಮದುವಿ ಮಾತು ಆಮ್ಯಾಲ" ಎಂದು ಹೇಳಿ ನನಗೆ ನಾಲ್ಕು ದಿನದ ಎರವಲು ಕೊಟ್ಟಳು. ಆಕೆ ಗಡುವಿನಲ್ಲಿ ತಮ್ಮಷ್ಟು ಸಡಿಲ ಬಿಡುವವಳಲ್ಲ.

ಸಂಡೂರಿನ ಅದಿರು ಲಾರಿಗಳ ಸಾಲಿನಲ್ಲಿ ಟಿಪ್ಪರ್ ನಿಲ್ಲಿಸಿ, ಪುಸ್ತಕವನ್ನು ಸ್ಟೇರಿಂಗ್ ಮೇಲಿಟ್ಟುಕೊಂಡು ಓದಿದೆ. ಮಾನ್ಯರೇ, ಇಡೀ ಪುಸ್ತಕದಲ್ಲಿ ಒಂದೇ ಒಂದು ವಿಕೆಟ್ ಬೀಳುವುದಿಲ್ಲ. ಸಕ್ಕರೆ ವ್ಯಾಪಾರದಿಂದ ದಿಢೀರನೆ ಸಾಹುಕಾರರಾದ ಒಂದು ದ್ವೀಪದ ಜನ ಪಕ್ಕದ ಮನೆಗೂ ಸಾರೋಟಿನಲ್ಲೇ ಹೋಗುತ್ತಾರೆ. ನಾಯಕನಂತೂ ಏನನ್ನೂ ಕೇಳದ ಹುಡುಗಿಗಾಗಿ, ಆಕೆ ಬೆಳೆಸಿದ ತೋಟವನ್ನೇ ಕಡಿಸಿ, ಅಮೃತಶಿಲೆಯ ಅರಮನೆ ಕಟ್ಟಿಸಿ, ಪ್ರೀತಿ ಪ್ರೀತಿ ಎಂದು ಉಸಿರುಗಟ್ಟಿಸುತ್ತಾನೆ. ಆಕೆ ಹಡಗು ಹತ್ತಿ ಹೋಗುತ್ತಾಳೆ. ಎಲ್ಲವನ್ನೂ ಕಳೆದುಕೊಂಡ ಅವನು ಪರದೇಶದ ಚಳಿಯಲ್ಲಿ ಯಾರದೋ ಮನೆಯ ಮೆಟ್ಟಿಲು ಗುಡಿಸುತ್ತ, ಇನ್ನೂ ತನ್ನ ಸಾರೋಟಿನ ಬಣ್ಣವನ್ನು ಹೊಗಳುತ್ತಿರುತ್ತಾನೆ. ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಆಮೇಲೆ ಮದುವೆಗೆಂದು ನಾನು ಗೊತ್ತುಮಾಡಿದ್ದ ಹೆಲಿಕಾಪ್ಟರ್ ನೆನಪಾಯಿತು. ಕಾವ್ಯಳನ್ನು ಕೇಳದೆಯೇ, ಅವಳ ಕೆಲಸ ಬಿಡಿಸುತ್ತೇನೆಂದು ಅವಳಪ್ಪನಿಗೆ ಕೊಟ್ಟ ಮಾತೂ ನೆನಪಾಯಿತು. ಭಾರಿ ನಾಚಿಕೆಯಾಯಿತು.

ಎರಡನ್ನೂ ಕೈಬಿಟ್ಟೆ, ಮದುವೆ ಉಳಿಯಿತು. ಆದರೆ ಹೆಲಿಕಾಪ್ಟರ್ ಎಲ್ಲಿ ಇಳಿಯುತ್ತದೆಂದು ಊರೆಲ್ಲ ಕೇಳುವಾಗ ನಾನು ಕಾದಂಬರಿಯ ಕಥೆ ಹೇಳುತ್ತ ನಿಲ್ಲಬೇಕಾಗಿದೆ. ಈ ಅವಮಾನಕ್ಕೆ ತಾವೇ ಹೊಣೆಗಾರರಾದ್ದರಿಂದ, ಪುಸ್ತಕವನ್ನು ಕಾವ್ಯಳ ಹೆಸರಿಗೆ ಜೀವಮಾನದ ಎರವಲೆಂದು ಬರೆದುಕೊಳ್ಳಬೇಕು. ಹಾಗೆಯೇ ಆ ದ್ವೀಪಕ್ಕೊಂದು ಪತ್ರ ಬರೆದು, ಪಾಪದ ನಾಯಕನಿಗೂ ಎರಡನೆಯ ಅಧ್ಯಾಯದಲ್ಲೇ ಈ ಕಾದಂಬರಿಯ ಒಂದು ಪ್ರತಿ ಸಿಗುವಂತೆ ಏರ್ಪಾಟು ಮಾಡಬೇಕೆಂದು ಪ್ರಾರ್ಥನೆ.

ಬಸ್ಸಿನಲ್ಲೇ ದಿಬ್ಬಣ ಹೊರಡಲಿರುವ
ತಮ್ಮ ವಿಶ್ವಾಸಿ,
ರೇವಣಸಿದ್ದ

ಮರೆತ ಮಾತು: ಈ ಲಗ್ನದ ದಿನಗಳಲ್ಲಿ ನಮ್ಮೂರಿನ ಇನ್ನೂ ಮೂವರು ವರರು ಹೆಲಿಕಾಪ್ಟರ್ ಗೊತ್ತುಮಾಡಿದ್ದಾರೆ. ದಯವಿಟ್ಟು ಮೂರು ಪ್ರತಿ ತರಿಸಿ, ಅದೇ ಕ್ರಿಕೆಟ್ ಕಪಾಟಿನಲ್ಲೇ ಇಡಿರಿ. ಕಾದಂಬರಿಗಳ ಕಪಾಟಿನ ಹತ್ತಿರ ನಮ್ಮವರು ಯಾರೂ ಸುಳಿಯುವುದಿಲ್ಲ, ತಾವೂ ಸುಳಿದಂತಿಲ್ಲ.