ಅತ್ತೆಯವರ ಹೊಸ ಹಲ್ಲು, ನನ್ನ ಎಕ್ಸ್-ರೇ ಫಿಲ್ಮು

ಕೆಲಸ ಕೆಟ್ಟರೆ ಸಾಮಾನಿನ ಮೇಲೆ ಹೊಣೆ ಹಾಕುವವಳಲ್ಲ ನಾನು. ರೊಟ್ಟಿ ಹರಿದರೆ ಹಿಟ್ಟನ್ನು ಬೈಯುವುದಿಲ್ಲ, ನನ್ನ ಕೈ ತಪ್ಪಿತು ಎನ್ನುತ್ತೇನೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಶಿಸ್ತು ಇದು. ಇದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ.

ನಮ್ಮ ಮಾವನವರು ಬೆಟಗೇರಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಕರಿ ಬಟ್ಟೆ ಹೊದ್ದು ಇಣುಕಿ ನೋಡುವ ಅವರ ಕಟ್ಟಿಗೆಯ ದೊಡ್ಡ ಕ್ಯಾಮೆರಾ ಅಟ್ಟದ ಮೇಲೆ ಗೋಣಿಚೀಲದಲ್ಲಿತ್ತು. ಅದನ್ನು ಇಳಿಸಿ ಫೋಟೋ ತೆಗೆಯುವ ಆಸೆ ನನಗೆ; ಆದರೆ ಅದಕ್ಕೆ ಬೇಕಾದ ಫಿಲ್ಮು ಈಗ ಸುಲಭಕ್ಕೆ ಸಿಗದು. ಶಿರಹಟ್ಟಿಯ ಒಂದು ದವಾಖಾನೆಯಲ್ಲಿ ಎಲ್ಲವೂ ಕಂಪ್ಯೂಟರಿಗೆ ಬಂದು, ಅವಧಿ ಮುಗಿದ ಎಕ್ಸ್-ರೇ ಫಿಲ್ಮಿನ ಡಬ್ಬಿ ಮೂಲೆ ಸೇರಿತ್ತು. ಕೇಳಿ ತಂದೆ. ಅಳತೆಗೆ ಕತ್ತರಿಸಿದರೆ ಕ್ಯಾಮೆರಾದಲ್ಲಿ ಚಂದವಾಗಿ ಕೂರುತ್ತದೆ. ಈ ಫಿಲ್ಮಿನ ದೊಡ್ಡ ಗುಣವೆಂದರೆ ಅದಕ್ಕೆ ಕೆಂಪು ಬಣ್ಣ ಕಾಣುವುದಿಲ್ಲ. ಹಾಗಾಗಿ ದೇವರ ಮನೆಯ ಕೆಂಪು ಜೀರೋ ಬಲ್ಬನ್ನು ಬಚ್ಚಲಿಗೆ ಹಾಕಿಕೊಂಡು, ಆ ಬೆಳಕಿನಲ್ಲೇ ಫಿಲ್ಮನ್ನು ಕೆಡಿಸದೆ ರಸಾಯನದಲ್ಲಿ ತೊಳೆಯಬಹುದು. ಎರಡೂ ಮಗ್ಗುಲಿಗೆ ಬೆಳಕು ಹಿಡಿಯುವ ಲೇಪ ಇರುವುದರಿಂದ ಉಗುರು ತಾಗಿದರೂ ಗೀರು ಬೀಳುತ್ತದೆ. ಬಳೆ ತೆಗೆದಿಟ್ಟು, ಹೋಳಿಗೆ ತಿರುವಿದಷ್ಟು ಹಗುರವಾಗಿ ತಿರುವುವುದನ್ನು ಎರಡೇ ದಿನದಲ್ಲಿ ಕಲಿತುಬಿಟ್ಟೆ.

ಅಷ್ಟರಲ್ಲಿ ಅತ್ತೆಯವರಿಗೆ ಹಲ್ಲಿನ ಸೆಟ್ಟು ಬಂತು. ಮುಳಗುಂದದ ಅವರ ತಂಗಿ ಮದುವೆಯೊಂದರಲ್ಲಿ, "ಅಕ್ಕಾ, ನೀ ನಕ್ರ ಬೋಳು ಬಾಯಿ ಕಾಣತೈತಿ, ಸೆರಗು ಮುಚ್ಚಕೋ" ಅಂದದ್ದು ಅವರನ್ನು ಇನ್ನೂ ಕೊರೆಯುತ್ತಿತ್ತು.

"ಹಲ್ಲು ಎದ್ದು ಕಾಣೂವಂಗ ಒಂದು ಫೋಟೋ ತಗೀವಾ. ಐತವಾರ ಅಕಿ ಬರೂದ್ರಾಗ ಗ್ವಾಡಿಗೆ ಹಾಕಬೇಕು."

"ಅದೇನ್ ಮಹಾ ಅತ್ತಿ, ಕುಂಡ್ರಿ" ಎಂದೆ.

ತುಟಿಗೆ ರಂಗು ಬರಲೆಂದು ನಾನೇ ಕೈಯಾರೆ ಎಲೆ-ಅಡಿಕೆ ಮಡಿಸಿಕೊಟ್ಟೆ. ಚೆನ್ನಾಗಿ ಅಗಿದು ಕೂತರು. ಲೆನ್ಸಿನ ಮುಚ್ಚಳ ತೆಗೆದು ನಾಲ್ಕು ಎಣಿಸುವವರೆಗೂ ನಗು ಸಡಿಲಿಸಲಿಲ್ಲ.

ತೊಳೆದು ಒಣಗಿಸಿ, ಕಿಟಕಿಗೆ ಹಿಡಿದು, ಮೊಬೈಲಿನಲ್ಲಿ ಸೆರೆಹಿಡಿದು, ಕಪ್ಪನ್ನು ಬಿಳುಪಾಗಿ, ಬಿಳುಪನ್ನು ಕಪ್ಪಾಗಿ ತಿರುವಿ ನೋಡಿದರೆ ಬಾಯಿ ಇದ್ದಲ್ಲಿ ಕರಿ ಗವಿ. ಒಂದು ಹಲ್ಲೂ ಇಲ್ಲ!

"ಯವ್ವಾ, ಡಾಕ್ಟರ ಹಚ್ಚಿದ ಹಲ್ಲು ಅಷ್ಟೂ ನೀ ಕಿತ್ತಿ ನೋಡು!" ಎಂದರು ಅತ್ತೆ.

ಶೇಂಗಾ ಸುಲಿಯುತ್ತಿದ್ದ ಮಾವ ತಲೆ ಎತ್ತಲಿಲ್ಲ. "ಫಿಲ್ಮಿಗೆ ಕೆಂಪು ಕಾಣಂಗಿಲ್ಲಂತ ಬಚ್ಚಲದಾಗ ಕೆಂಪು ದೀಪ ಹಚ್ಚೀದಿ. ಅಕೀನ್ನ ಬಾಯಿ ಕೆಂಪು ಮಾಡಿ ಕುಂಡ್ರಿಸೀದಿ. ಅದಕ್ಕ ಕಾಣದ್ದು ಕರ್ರಗ ಬರತೈತಿ."

"ಮೊದಲ ಹೇಳಬಾರದೇನ್ರಿ ಮಾವಾ?"

"ಕೇಳಿದ್ರ ಹೇಳತಿದ್ದೆ."

ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಮರುದಿನ ಅತ್ತೆಯವರು ಸೆಟ್ಟು ತಿಕ್ಕಿ ತೊಳೆದು, ಬೆಳಗಿನಿಂದ ಎಲೆ ಮುಟ್ಟದೆ, ಉಪವಾಸದ ಮುಖ ಹೊತ್ತು ಕೂತರು. "ಜಲ್ದಿ ತಗೀವಾ, ಬಾಯಿ ಒಣಗೇತಿ." ಈ ಸಲ ಹಲ್ಲು ಮಲ್ಲಿಗೆ ಮೊಗ್ಗಿನ ಹಾಗೆ ಬಂದವು. ಬಜಾರದಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೇರಿಸಿದೆವು. ಐತವಾರ ಬಂದ ತಂಗಿ ಅದನ್ನು ಎರಡು ಸಲ ನೋಡಿ, "ಯಾವ ಡಾಕ್ಟರ ಬೇ?" ಎಂದಷ್ಟೇ ಕೇಳಿದರು. ಅತ್ತೆಯವರು ಬಾಯಿ ತುಂಬ ಎಲೆ ಹಾಕಿಕೊಂಡೇ ನಕ್ಕರು.

ಆ ಖುಷಿಗೆ, "ಈಗ ನಿಂದೂ ಒಂದು ಆಗ್ಲಿ" ಎಂದರು. ನಾನು ಈಗ ತಿಳಿದವಳಲ್ಲವೇ? ತುಟಿಯ ರಂಗು ಒರೆಸಿ, ಬಾಯಿ ಮುಕ್ಕಳಿಸಿ ಕೂತೆ. ಮಾವ ಮುಚ್ಚಳ ತೆಗೆದರು, ತೊಳೆದದ್ದು ನಾನೇ. ನೋಡಿದರೆ ಎರಡೂ ಕೆನ್ನೆಯ ಮೇಲೆ ಮಸಿ ಮೆತ್ತಿದಂಥ ಬಂಗು! ನಮ್ಮ ಮನೆಯ ಕನ್ನಡಿ ಇಷ್ಟು ವರ್ಷ ಮರ್ಯಾದೆಯಿಂದ ಮುಚ್ಚಿಟ್ಟಿದ್ದನ್ನು, ಕೆಂಗಂದು ಕಲೆಯನ್ನೂ ಕರ್ರಗೆ ಮಾಡುವ ಆ ಫಿಲ್ಮು ಒಂದೇ ಸಲಕ್ಕೆ ಹೊರಹಾಕಿತ್ತು.

ಅತ್ತೆಯವರು ಚಾಳೀಸು ಏರಿಸಿ ನೋಡಿದರು. "ಖರೆ ಹೇಳತೈತಿ ಬಿಡು ನಿನ್ನ ಫಿಲ್ಮು."

"ಛೇ ಛೇ, ಅವಧಿ ಮುಗಿದದ್ದು ಅತ್ತಿ" ಎಂದೆ. "ಡಬ್ಬಿ ಮ್ಯಾಲೇ ಬರದೈತಿ, ಬೇಕಾದ್ರ ನೋಡ್ರಿ."