ಸದರಿ ನಲ್ಲಿಯ ಸೋರಿಕೆಯ ಕುರಿತು

ಮೇಲ್ಮಹಡಿಯ ಬಾಡಿಗೆ ಮನೆಯ ಬಚ್ಚಲಿನ ನಲ್ಲಿಯು ಸೋರುತ್ತಿದೆ ಎಂಬುದಕ್ಕೆ ಮೊದಲ ಹದಿನಾಲ್ಕು ವಾರ ಯಾವುದೇ ಲಿಖಿತ ಆಧಾರ ಇರಲಿಲ್ಲ. ಆದಕಾರಣ ಸದರಿ ಅವಧಿಯಲ್ಲಿ ಅದು ಸೋರಲಿಲ್ಲವೆಂದೇ ಭಾವಿಸತಕ್ಕದ್ದು.

ಮನೆ ಮಾಲೀಕರು ಮೂವತ್ತನಾಲ್ಕು ವರ್ಷ ಒಂದು ಕಚೇರಿಯ ಕಡತ ವಿಭಾಗದಲ್ಲಿ ದುಡಿದು, ಒಂದು ಕಪ್ಪು ಚುಕ್ಕೆಯೂ ಇಲ್ಲದೆ ನಿವೃತ್ತರಾದವರು. ಕೆಳಗೆ ತಾವು ಮತ್ತು ಹೆಂಡತಿ. ಮೇಲೆ ಬಾಡಿಗೆಗೆ ಟೈಲರಮ್ಮ. ಅವಳು ಮೆಟ್ಟಿಲಿಳಿದು ಬಂದು, "ಸಾರ್, ನಲ್ಲಿ ಸೋರ್ತಾ ಇದೆ, ಸ್ವಲ್ಪ ನೋಡಿ" ಅಂದಾಗಲೆಲ್ಲ ಮಾಲೀಕರು ಶಾಂತವಾಗಿ, "ಬರೆದು ಕೊಡಮ್ಮ" ಎನ್ನುತ್ತಿದ್ದರು.

ಹದಿನೈದನೇ ವಾರ ಬರೆದೇ ಕೊಟ್ಟಳು. ಅರ್ಜಿ ಸಂಜೆಯೊಳಗೆ ಹಿಂಬರಹದೊಂದಿಗೆ ವಾಪಸಾಯಿತು: "ಸೋರುತ್ತಿರುವುದು ಎಡಗಡೆಯ ನಲ್ಲಿಯೋ ಬಲಗಡೆಯದೋ ಎಂದು ಅರ್ಜಿದಾರರು ನಮೂದಿಸಿರುವುದಿಲ್ಲ."

"ಇರೋದೇ ಒಂದು ನಲ್ಲಿ ಸಾರ್."

"ನನಗೆ ಗೊತ್ತಮ್ಮ. ಕಡತಕ್ಕೆ ಗೊತ್ತಾಗಬೇಕಲ್ಲ?"

ತಿದ್ದಿದ ಅರ್ಜಿ ಬಂದ ಮೇಲೆ ಪ್ಲಂಬರ್‌ನನ್ನು ಕರೆಸಲಾಯಿತು. ಅವನು ನಲ್ಲಿಯನ್ನು ಒಮ್ಮೆ ತಿರುಗಿಸಿ, "ವಾಷರ್ ಹೋಗಿದೆ, ಐದು ನಿಮಿಷದ ಕೆಲಸ" ಎಂದು ಸ್ಪ್ಯಾನರ್ ಎತ್ತಿದ. ಮಾಲೀಕರು ಗಬಕ್ಕನೆ ಅವನ ಕೈ ಹಿಡಿದರು.

"ತಡಿಯಪ್ಪ. ಐದು ನಿಮಿಷದಲ್ಲಿ ಮುಗಿಯೋದು ದುರಸ್ತಿ ಅಲ್ಲ, ನಿರ್ವಹಣೆ. ಅದರ ಕಡತ ಬೇರೆ."

ಬೇರೆ ಕಡತ ತೆರೆಯಬೇಕಾದರೆ ಮೊದಲನೆಯದನ್ನು ಮುಚ್ಚಬೇಕು; ಮೊದಲನೆಯದನ್ನು ಮುಚ್ಚಬೇಕಾದರೆ ನಲ್ಲಿ ಸರಿಹೋಗಿರಬೇಕು. ಇದರಲ್ಲಿ ಯಾರದೂ ತಪ್ಪಿಲ್ಲ. ಪ್ಲಂಬರ್ ಹಾಜರಾತಿಗೆ ಸಹಿ ಹಾಕಿ ಹೋದ.

ನೀರಿಗೆ ಮಾತ್ರ ಈ ತಾಳ್ಮೆ ಇರಲಿಲ್ಲ. ಅದು ಸಿಮೆಂಟಿನೊಳಕ್ಕೆ ಇಳಿದು, ಕೆಳಮನೆಯ ಚಾವಣಿಯಲ್ಲಿ ಹಳದಿ ಕಲೆ ಬಿಡಿಸಿ, ಒಂದು ಬೆಳಿಗ್ಗೆ ಪತ್ರಿಕೆ ಓದುತ್ತಿದ್ದ ಮಾಲೀಕರ ಬೋಳು ನೆತ್ತಿಗೆ ಗುರಿಯಿಟ್ಟು ಬಿತ್ತು.

"ಇನ್ನಾದ್ರೂ ಆ ವಾಷರ್ ಹಾಕಿಸ್ತೀರೋ ಇಲ್ವೋ?" ಎಂದಳು ಹೆಂಡತಿ.

"ಏಕಾಏಕಿ ಹಾಕಿಸೋಕಾಗುತ್ತೇನೇ? ನಾನೀಗ ಬಾಧಿತ ವ್ಯಕ್ತಿ."

ಬಾಧಿತ ವ್ಯಕ್ತಿ ಮಾಲೀಕರಿಗೆ, ಅಂದರೆ ತಮಗೇ, ಅರ್ಜಿ ಬರೆದರು. ಆಮೇಲೆ ಮೇಜಿನ ಆಚೆ ಬದಿಗೆ ಹೋಗಿ ಕುಳಿತು, ಕನ್ನಡಕ ಬದಲಿಸಿಕೊಂಡು ಸ್ವೀಕರಿಸಿದರು. "ಸದರಿ ನಲ್ಲಿಯು ಬಾಡಿಗೆದಾರರ ಸ್ವಾಧೀನದಲ್ಲಿರುವುದರಿಂದ ಅವರ ನಿರಾಕ್ಷೇಪಣಾ ಪತ್ರವನ್ನು ಲಗತ್ತಿಸತಕ್ಕದ್ದು" ಎಂದು ಹಿಂಬರಹ ಬಂತು. ಈಚೆ ಬದಿಗೆ ಬಂದು ಓದಿದಾಗ ಬೇಸರವೇನೋ ಆಯಿತು. ಆದರೆ ನಿಯಮ ನಿಯಮವೇ.

ಮೆಟ್ಟಿಲು ಹತ್ತಿದರು. ಟೈಲರಮ್ಮ ತುಟಿಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು, ಎಲ್ಲ ಕೇಳಿಸಿಕೊಂಡು, ರಸೀದಿ ಪುಸ್ತಕದಿಂದ ಒಂದು ಚೀಟಿ ಹರಿದು ಕೊಟ್ಟಳು. "ಶುಕ್ರವಾರ ಬನ್ನಿ ಸಾರ್."

ಶುಕ್ರವಾರ ಹೋದರು.

"ಕಟಿಂಗ್ ಆಗಿದೆ ಸಾರ್."

"ಪತ್ರಕ್ಕೆ ಎಂಥ ಕಟಿಂಗಮ್ಮ?"

"ಕಾಗದ ಕತ್ತರಿಸಿ ಇಟ್ಟಿದ್ದೀನಿ. ಬರೆಯೋದೊಂದು ಬಾಕಿ."

ಮುಂದಿನ ಶುಕ್ರವಾರ ಇಸ್ತ್ರಿ ಬಾಕಿ ಇತ್ತು. ಅದರ ಮುಂದಿನ ಶುಕ್ರವಾರ ಶಾಲೆಯ ಯೂನಿಫಾರಂಗಳ ರಾಶಿ. ಮಾಲೀಕರಿಗೆ ಸಿಟ್ಟು ಬರಲಿಲ್ಲ. ಇಂಥ ಶಿಸ್ತನ್ನು ಅವರು ನಿವೃತ್ತಿಯ ನಂತರ ಕಂಡೇ ಇರಲಿಲ್ಲ. ಚೀಟಿಯನ್ನು ಜೇಬಿನಲ್ಲಿ ಜೋಪಾನ ಮಾಡಿ, ಕುರ್ಚಿಯ ಮೇಲೆ ಕೊಡೆ ಹಿಡಿದು ಪತ್ರಿಕೆ ಓದುತ್ತ ಕಾದರು.

ಹೆಂಡತಿ ಕಾಯಲಿಲ್ಲ. ಗಾರೆಯ ತುಂಡೊಂದು ದಿಂಬಿನ ಮೇಲೆ ಬಿದ್ದ ದಿನವೇ ಹಾಸಿಗೆ ಸುತ್ತಿಕೊಂಡು ಟೈಲರಮ್ಮನ ಮನೆ ಸೇರಿದಳು. ಸೇರಿದವಳೇ ಪ್ಲಂಬರ್‌ನನ್ನು ಕರೆಸಿದಳು. ಐದು ನಿಮಿಷಕ್ಕೆ ನಲ್ಲಿ ಬಾಯಿ ಮುಚ್ಚಿತು.

ಕೆಳಗೆ ಮಾಲೀಕರು ಕಿವಿಗೊಟ್ಟರು. ಟಪ್ ಇಲ್ಲ, ಟಿಪ್ ಇಲ್ಲ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದರು.

"ಮಂಜೂರಾತಿ ಇಲ್ಲದೆ ರಿಪೇರಿ ಮಾಡಿಬಿಟ್ರಾ! ನಾಳೆ ಯಾರಾದ್ರೂ ಕಡತ ತೆಗೆದು ನೋಡಿದ್ರೆ? ಸೋರದ ನಲ್ಲಿಗೆ ಮೂರು ಅರ್ಜಿ! ಮುಖ ಎಲ್ಲಿಟ್ಟುಕೊಳ್ಳಲಿ ನಾನು?"

ಬಿಚ್ಚಿದ ಕೊಡೆಯೊಂದಿಗೇ ನಲ್ಲಿಯ ಮುಂದೆ ಕುಕ್ಕರಿಸಿ, ಹನಿಗಾಗಿ ಅಂಗೈ ಒಡ್ಡಿದರು. ಹೆಂಡತಿ ಟೈಲರಮ್ಮನ ಮುಖ ನೋಡಿದಳು, ಟೈಲರಮ್ಮ ಪ್ಲಂಬರ್‌ನ ಮುಖ ನೋಡಿದಳು. ಮೂವರಿಗೂ ಅಯ್ಯೋ ಪಾಪ ಅನ್ನಿಸಿತು.

"ಹಳೇ ವಾಷರ್ ಬಿಸಾಕಿಲ್ಲ ತಾನೇ?" ಎಂದು ಕೇಳಿದಳು ಹೆಂಡತಿ.

ಬಿಸಾಕಿರಲಿಲ್ಲ. ಪ್ಲಂಬರ್ ಅದನ್ನು ಮತ್ತೆ ಕೂರಿಸಿ, "ಎಷ್ಟು ಸೋರಬೇಕು ಸಾರ್?" ಎಂದು ವಿನಯದಿಂದ ಕೇಳಿದ. ಚರ್ಚೆಯ ನಂತರ ನಿಮಿಷಕ್ಕೆ ನಲವತ್ತು ಹನಿ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಈಗ ಅವನು ತಿಂಗಳಿಗೊಮ್ಮೆ ಬಂದು ಹನಿ ಎಣಿಸುತ್ತಾನೆ. ಕಳೆದ ತಿಂಗಳು ಮೂವತ್ತೆಂಟಕ್ಕೆ ಇಳಿದಿತ್ತು, ಸಕಾಲದಲ್ಲಿ ಸಡಿಲಿಸಲಾಯಿತು. ಹೆಂಡತಿ ಮೇಲೆಯೇ ಇದ್ದಾಳೆ, ಕಾಜಾ ಹೊಲಿಯಲು ಕಲಿತಿದ್ದಾಳೆ. ಬಟ್ಟೆ ಕೊಡಲು ಬಂದವರು, ಕೆಳಗೆ ಕೊಡೆ ಹಿಡಿದು ಕೂತವರು ಯಾರೆಂದು ವಿಚಾರಿಸಿದರೆ ಸೂಜಿಗೆ ದಾರ ಪೋಣಿಸುತ್ತಲೇ ಹೇಳುತ್ತಾಳೆ:

"ಅವರಾ? ಬಾಡಿಗೆಯವರು. ತುಂಬ ಒಳ್ಳೆ ಜನ, ಒಂದು ದಿನಾನೂ ತೊಂದರೆ ಕೊಟ್ಟಿಲ್ಲ."