ಪಿಸ್ತೂಲಿಗೆ ಕುಂಕುಮ ಇಡುವ ಮುನ್ನ

ಪೊಲೀಸ್ ಠಾಣೆಯಲ್ಲಿ ನಗೋದಕ್ಕೆ ಏನಿರುತ್ತೆ ಅಂತ ಕೇಳ್ತಾರೆ. ಹೆಗ್ಗಡದೇವನಕೋಟೆ ಕಡೆಯ ಒಂದು ಠಾಣೆಯಲ್ಲಿ ಆಯುಧದ ಕೋಣೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡೋ ನನ್ನನ್ನ ಕೇಳಿ. ಅಲ್ಲಿ ನಗು ದಿನಾ ಬರುತ್ತೆ, ಎದೆ ಢವಢವ ನಿಂತ ಮೇಲೆ ಬರುತ್ತೆ ಅಷ್ಟೆ. ಒಂದು ಗುಂಡು ತಪ್ಪಿ ಹಾರಿದರೆ ಯಾರದೋ ಜೀವ ಹೋಗುತ್ತೆ, ಅದರ ಹಿಂದೆಯೇ ನನ್ನ ಕೆಲಸವೂ ಹೋಗುತ್ತೆ. ನಿವೃತ್ತಿಗೆ ಮೂರು ವರ್ಷ ಇರೋವಾಗ ನಮ್ಮಲ್ಲಿಗೆ ಹೊಸ ಪಿಸ್ತೂಲು ಬಂತು ನೋಡಿ, ಅಲ್ಲಿಂದ ಶುರು.

೧. ಪಾಠ

ಪಾಠ ಹೇಳೋಕೆ ಮೈಸೂರಿಂದ ಒಬ್ಬ ಮೇಷ್ಟ್ರು ಬಂದ್ರು. ಮೇಜಿನ ಮೇಲೆ ಟವೆಲ್ ಹಾಸಿ ಪಿಸ್ತೂಲು ಬಿಚ್ಚಿದ್ರು.

"ಹಿಡಿಯೊಳಗೆ ಮ್ಯಾಗಜೀನು. ಅದರ ಸ್ಪ್ರಿಂಗು ಗುಂಡುಗಳನ್ನ ಮೇಲಕ್ಕೆ ಒತ್ತುತ್ತಾ ಇರುತ್ತೆ. ಮೇಲಿನ ಈ ಸ್ಲೈಡು ಎಳೆದು ಬಿಟ್ರೆ ಒಂದು ಗುಂಡು ನಳಿಕೆ ಬುಡದ ಗೂಡಲ್ಲಿ ಹೋಗಿ ಕೂರುತ್ತೆ. ಟ್ರಿಗರ್ ಒತ್ತಿದ್ರೆ ಹಾರುತ್ತೆ. ಆ ಹೊಡೆತಕ್ಕೇ ಸ್ಲೈಡು ಹಿಂದಕ್ಕೆ ಹೋಗಿ, ಖಾಲಿ ಹಿತ್ತಾಳೆ ಕೊಳವೆ ಆಚೆಗೆಸೆದು, ಇನ್ನೊಂದು ಗುಂಡು ತಾನೇ ತಂದು ಕೂರಿಸುತ್ತೆ."

ಗುಂಡು ಗುಂಡಿಗೂ ಬೋಲ್ಟ್ ಎಳೆಯೋ ರೈಫಲ್ಲಿನ ಜೊತೆ ಇಪ್ಪತ್ತು ವರ್ಷ ಏಗಿದವನು ನಾನು. ತೆರೆದ ಬಾಯಿ ಮುಚ್ಚೋದು ಮರೆತೆ. ಹೋಗೋ ಗುಂಡು ಬರೋ ಗುಂಡಿಗೆ ಜಾಗ ಮಾಡಿಕೊಟ್ಟು ಹೋಗುತ್ತಲ್ಲ, ಬಸ್ಸಲ್ಲಿ ನಮಗೇ ಬರದ ಬುದ್ಧಿ ಅದು.

"ಖಾಲಿ ಅಂತ ಯಾವತ್ತೂ ನಂಬಬೇಡಿ. ಬಾಯಿ ಮನುಷ್ಯರ ಕಡೆ ಬೇಡ. ಹೊಡೆಯೋವರೆಗೂ ಬೆರಳು ಟ್ರಿಗರಿಂದ ಆಚೆಗೆ. ಮ್ಯಾಗಜೀನ್ ತೆಗೆದ ಮೇಲೂ ಸ್ಲೈಡ್ ಎಳೆದು ಗೂಡು ನೋಡಿ" ಅಂದ್ರು ಮೇಷ್ಟ್ರು.

ಬಾಗಿಲಲ್ಲಿ ಕಸ ಗುಡಿಸೋ ಅಮ್ಮ ಪೊರಕೆ ನಿಲ್ಲಿಸಿ ಕೇಳ್ತಿದ್ರು. "ನಿಮಗ್ಯಾಕಮ್ಮ ಇದೆಲ್ಲ?" ಅಂದೆ.

"ನಾನೂ ಇಲ್ಲೇ ಓಡಾಡೋಳು ಸಾಮಿ. ಗುಂಡೇನು ಪೋಲೀಸ್ನೋರ್ನೇ ಉಡುಕ್ಕೊಂಡ್ ಬತ್ತದಾ?"

೨. ಕಾಲರ್

ಮಾರನೇ ವಾರ ಗುರಿ ಅಭ್ಯಾಸ. ನಮ್ಮ ದಫೇದಾರ್ರು ಸೆಖೆ ಅಂತ ಮೇಲಿನ ಗುಂಡಿ ಬಿಚ್ಚಿಕೊಂಡು ನಿಂತಿದ್ರು. ಮೊದಲ ಗುಂಡು ಸರಿಯಾಗಿ ಹೋಯ್ತು. ಎರಡನೆಯದರ ಖಾಲಿ ಕೊಳವೆ, ಒಲೆಯಿಂದ ತೆಗೆದ ಕೆಂಡದಂಗೆ, ನೇರ ಅವರ ಕಾಲರೊಳಗೆ ಇಳೀತು. ದಫೇದಾರ್ರು ಕುಣಿಯೋಕೆ ಶುರು ಮಾಡಿದ್ರು. ಕುಣೀತಾ ತಿರುಗಿದ್ರು. ಪಿಸ್ತೂಲೂ ಜೊತೆಗೇ ತಿರುಗ್ತು.

ನಾವೆಲ್ಲ ನೆಲಕ್ಕೆ ಬಿದ್ದಿದ್ವಿ. ಮಂಡಿ ನೋವು ಅಂತ ಡಾಕ್ಟರ್ ಚೀಟಿ ತಂದಿದ್ದ ಇಬ್ಬರು ಎಲ್ಲರಿಗಿಂತ ಮೊದಲು ಬಿದ್ದಿದ್ರು.

ಮೇಷ್ಟ್ರು ಮಲಗಿದ್ದಲ್ಲಿಂದಲೇ "ಬೆರಳು ಆಚೆಗೆ, ಬಾಯಿ ಗುರಿ ಕಡೆಗೆ" ಅಂದ್ರು. ಪುಣ್ಯಕ್ಕೆ ಬೆರಳು ಆಚೆಗೇ ಇತ್ತು. ಆವತ್ತಿಂದ ದಫೇದಾರ್ರು ಮನೆಯಲ್ಲೂ ಕಾಲರ್ ಗುಂಡಿ ಹಾಕ್ಕೊಂಡೇ ಮಲಗ್ತಾರಂತೆ.

೩. ಹುಲಿ

ಆಯುಧಪೂಜೆಯ ಹಿಂದಿನ ದಿನ ಸರಗೂರು ಕಡೆ ಒಂದು ಹೊಲಕ್ಕೆ ಹುಲಿ ನುಗ್ಗಿದೆ ಅಂತ ಫೋನು. ಜನ ಸೇರಿಬಿಟ್ಟಿದ್ರು. ಅವರನ್ನ ಹಿಂದಕ್ಕೆ ಕಳಿಸೋದು ನಮ್ಮ ಕೆಲಸ, ಹುಲಿ ಅರಣ್ಯದವರ ಕೆಲಸ. ಆದರೂ ಹತ್ತಿಗಿಡ ಅಲ್ಲಾಡಿದ ಕೂಡಲೇ ನಮ್ಮ ಎಸ್ಸೈ ಸಾಹೇಬರು ಪಿಸ್ತೂಲು ತೆಗೆದು ಸ್ಲೈಡ್ ಎಳೆದ್ರು.

ಪಕ್ಕದಲ್ಲಿದ್ದ ಹೊಲದ ಯಜಮಾನ ಅದನ್ನ ಭಕ್ತಿಯಿಂದ ನೋಡಿ ಅಂದ, "ಬಾಳ ಚೆಂದಾಗದೆ ಸಾಮಿ. ಆದ್ರೆ ಒಳಿಕ್ಕೆ ಮಡಿಕ್ಕಳಿ. ಇದ್ರಲ್ಲಿ ಒಡುದ್ರೆ ಹುಲಿಗೆ ಕ್ವಾಪ ಬತ್ತದೆ, ಅಷ್ಟೇಯ."

ಹುಲಿ ಕಾಡಿಗೆ ಹೋಯ್ತು. ಠಾಣೆಗೆ ಬಂದು ಸಾಹೇಬರು ಮ್ಯಾಗಜೀನ್ ತೆಗೆದು, ಎರಡನ್ನೂ ನನ್ನ ಕೈಗೆ ಕೊಟ್ರು. ನನಗೆ ಹ್ಯಾಂಡ್‌ಪೋಸ್ಟ್ ಪೇಟೆಗೆ ಹೋಗಿ ಚೆಂಡುಹೂ ತರೋ ಅವಸರ. ಹಂಗೇ ಒಳಗಿಟ್ಟು ಬೀಗ ಹಾಕಿದೆ.

೪. ಪೂಜೆ

ಬೆಳಗ್ಗೆ ಬಾಳೆಎಲೆ ಮೇಲೆ ರೈಫಲ್ಲು, ಲಾಠಿ, ಬೇಡಿ ಎಲ್ಲ ಜೋಡಿಸಿದೆ. ನಡುವೆ ಪಿಸ್ತೂಲು, ಪಕ್ಕಕ್ಕೆ ಮ್ಯಾಗಜೀನು. ಪೂಜೆಗೆ ಬಂದ ಅಯ್ನೋರು ವಿಭೂತಿ, ಕುಂಕುಮ ಎತ್ತಿಕೊಂಡ್ರು. "ಪುಡಿ ಒಳಗಿಳಿದ್ರೆ ಸ್ಲೈಡು ಸಿಕ್ಕಾಕೊಳ್ಳುತ್ತೆ, ಪಿಸ್ತೂಲಿನ ಚರ್ಮದ ಚೀಲಕ್ಕಿಡಿ" ಅಂತ ನಾನು ದೊಡ್ಡ ಮನುಷ್ಯನಂಗೆ ತಡೆದೆ.

"ಆಯ್ತು, ಬಾಯಿ ಮೂಡ್ಲಾಗೆ ತಿರುಗಿಸಿ ಮಡಗಿ" ಅಂದ್ರು ಅಯ್ನೋರು.

ಆ ಪೂರ್ವದ ಕಡೆಗೇ ಇಡೀ ಠಾಣೆ ಕೈ ಮುಗಿದು ನಿಂತಿತ್ತು. ದಫೇದಾರ್ರು ಮೆಲ್ಲಗೆ ಕಾಲರ್ ಮುಟ್ಟಿಕೊಂಡ್ರು.

"ಖಾಲಿ ಅದೆ, ಹೆದರಬೇಡಿ" ಅಂದೆ.

"ಗೂಡು ನೋಡುದ್ರಾ ಸಾಮಿ?" ಅಂತ ಹಿಂದಿನಿಂದ ಕಸ ಗುಡಿಸೋ ಅಮ್ಮ. "ಮೇಷ್ಟ್ರು ಅಂಗೇ ಏಳಿದ್ರಲ್ಲ."

ಅವರ ಸಮಾಧಾನಕ್ಕೆ ಅಂತ ಪಿಸ್ತೂಲಿನ ಬಾಯನ್ನ ಮೂಲೆಯ ಮರಳು ಬಕೀಟಿನ ಕಡೆ ಹಿಡಿದು ಸ್ಲೈಡ್ ಎಳೆದೆ. ಒಂದು ಗುಂಡು ಟಣ್ಣನೆ ಆಚೆಗೆ ಹಾರಿ ಕಡ್ಲೆಪುರಿ ತಟ್ಟೆಗೆ ಬಿತ್ತು. ನಿನ್ನೆ ಸಾಹೇಬರು ಸ್ಲೈಡ್ ಎಳೆದಾಗ ಹುಲಿಗೆ ಅಂತ ಕೂತಿದ್ದ ಗುಂಡು. ಅಯ್ನೋರು ತಟ್ಟೆ ದೂರ ಸರಿಸಿದ್ರು.

"ನಡುಮನೆ ಗುಡ್ಸಿ ಮೂಲೆ ಬುಟ್ರೆ ನಂಗೆ ಬೈತೀರಲ್ಲ ಸಾಮಿ" ಅಂದ್ರು ಅಮ್ಮ. ನಿಂತಿದ್ದವರ ಜೀವ, ನನ್ನ ಕೆಲಸ, ಎರಡನ್ನೂ ಉಳಿಸಿದ ಆ ಹೆಂಗಸಿಗೆ ಎಲ್ಲರ ಮುಂದೆಯೇ ಕೈ ಮುಗಿದೆ.

ಸಾಹೇಬರು ಗಂಟಲು ಸರಿಮಾಡಿಕೊಂಡು ನನಗೆ ಅಂದ್ರು, "ಒಂದು ವಾರ ಠಾಣೆ ನೀನೇ ಗುಡಿಸು. ಮೂಲೆ ನೋಡೋದು ಅಭ್ಯಾಸ ಆಗಲಿ."

ಅಮ್ಮ ಒಳಗೆ ಹೋಗಿ ಬಂದ್ರು. ನನ್ನ ಕೈಗೊಂದು ಪೊರಕೆ ಕೊಟ್ಟು, ಇನ್ನೊಂದನ್ನ ಸಾಹೇಬರ ಮುಂದೆ ಹಿಡಿದ್ರು.

"ಈಸ್ಕೊಂಡೋರೂ ನೋಡ್ನಿಲ್ಲ, ಕೊಟ್ಟೋರೂ ನೋಡ್ನಿಲ್ಲ. ಪೊರ್ಕೆ ಎರಡವೆ ಸಾಮಿ."